ಉಸಿರು ಕಟ್ಟಿದ ಅಶ್ವಶಕ್ತಿ

ಮ್ಯೂನಿಕ್ ನಗರದಿಂದ ನ್ಯೂರೆಂಬರ್ಗಿನ ಕಡೆಗೆ ಸಾಗುವ ಜರ್ಮನಿಯ ಹೆದ್ದಾರಿಯಲ್ಲಿ ಎಷ್ಟೋ ದೂರದವರೆಗೆ ವೇಗಕ್ಕೆ ಮಿತಿಯೆಂಬುದೇ ಇಲ್ಲ. ಬಲಗಡೆಯ ಸಾಲಿನಲ್ಲಿ ಹೇರು ತುಂಬಿದ ಲಾರಿಗಳು ಒಂದರ ಹಿಂದೊಂದು ದಿಬ್ಬಣದ ಬಂಡಿಗಳಂತೆ ಸಾಗಿರುತ್ತವೆ. ಅವುಗಳನ್ನು ಹಿಂದೆ ಹಾಕಬೇಕೆನ್ನುವವನು ಎಡಗಡೆಯ ಸಾಲಿಗೆ ಬರಬೇಕು. ಬಂದ ಮೇಲೆ ಅಲ್ಲಿ ಮೀನಮೇಷ ಎಣಿಸುವಂತಿಲ್ಲ. ಕನ್ನಡಿಯಲ್ಲಿ ಈಗ ತಾನೇ ಚುಕ್ಕೆಯಾಗಿ ಕಂಡ ಗಾಡಿ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬರುತ್ತಿರಬಹುದು. ನಾಲ್ಕು ಬಾರಿ ಉಸಿರೆಳೆಯುವಷ್ಟರಲ್ಲಿ ಅದು ಬೆನ್ನಿಗೆ ಬಂದು ನಿಂತಿರುತ್ತದೆ.

ಇಂತಹ ದಾರಿಯಲ್ಲಿ ಒಬ್ಬ ಗೃಹಸ್ಥನು ತನ್ನ ಕಾರಿನಲ್ಲಿ ಹೋಗುತ್ತಿದ್ದಾನೆಂದು ವಾಚಕರು ಭಾವಿಸಿಕೊಳ್ಳಲಿ. ಕಾರು ಸಾಮಾನ್ಯವಾದುದಲ್ಲ, ಮೂರು ಲೀಟರಿನ, ಆರು ಸಿಲಿಂಡರುಗಳ, ಟರ್ಬೊಚಾರ್ಜರು ಜೋಡಿಸಿದ, ಮುನ್ನೂರು ಅಶ್ವಶಕ್ತಿಯ ಎಂಜಿನ್ನುಳ್ಳದ್ದು. ಊರೊಳಗಿನ ಬೀದಿಗಳಲ್ಲಿ ಅದು ಸಾಧು ಹಸುವಿನಂತೆ ನಡೆದುಬಂದಿದೆ. ಎಂಜಿನ್ನು ನಿಮಿಷಕ್ಕೆ ಎರಡು ಸಾವಿರ, ಮೂರು ಸಾವಿರ ಸುತ್ತು ತಿರುಗುವವರೆಗೆ ಎಲ್ಲವೂ ಸರಿಯಾಗಿಯೇ ಇದೆ. ಈಗ ಲಾರಿಯೊಂದನ್ನು ದಾಟಬೇಕಾಗಿ ಅವನು ಎಡಕ್ಕೆ ಸರಿದು ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತುತ್ತಾನೆ. ಮುಳ್ಳು ನಾಲ್ಕು ಸಾವಿರವನ್ನು ದಾಟುತ್ತದೆ. ನಾಲ್ಕೂವರೆ ಸಾವಿರಕ್ಕೆ ಬಂದೊಡನೆಯೇ, ಯಾರೋ ಹಿಂದಿನಿಂದ ಹಗ್ಗ ಹಿಡಿದೆಳೆದಂತೆ, ಗಾಡಿ ತಡೆದು ನಿಲ್ಲುತ್ತದೆ. ಎದುರಿನ ಫಲಕದಲ್ಲಿ ಹಳದಿಯ ದೀಪವೊಂದು ಹೊತ್ತಿಕೊಳ್ಳುತ್ತದೆ. ಕಾಲಿನ ಕೆಳಗೆ ಪೆಡಲು ತಳಮುಟ್ಟಿದೆ. ಗಾಡಿಗೆ ಮಾತ್ರ ಅದರ ಪರಿವೆಯಿಲ್ಲ. ಬಲಕ್ಕೆ ಲಾರಿ, ಹಿಂದೆ ಬೆಳಕನ್ನು ಮಿನುಗಿಸುತ್ತಿರುವ ಇನ್ನೊಂದು ಕಾರು. ಆ ಕೆಲವು ಕ್ಷಣಗಳನ್ನು ಅವನು ಬಹುಕಾಲ ಮರೆಯಲಾರ.

ಹೇಗೋ ಲಾರಿಯ ಹಿಂದಕ್ಕೆ ಜಾರಿ, ರಸ್ತೆಯ ಅಂಚಿಗೆ ಬಂದು, ಎಂಜಿನ್ನನ್ನು ನಿಲ್ಲಿಸಿ ಮತ್ತೆ ನಡೆಸಿದರೆ ಎಲ್ಲವೂ ಮೊದಲಿನಂತೆ! ದೀಪ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಗರಾಜಿಗೆ ಕೊಂಡೊಯ್ದರೆ ಅಲ್ಲಿ ಅಂಗಳದಲ್ಲಿ ಒಂದು ಸುತ್ತು ಹಾಕಿದ ಮೆಕ್ಯಾನಿಕ್ಕನಿಗೆ ಯಾವ ದೋಷವೂ ಕಾಣುವುದಿಲ್ಲ. ಆದರೂ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದಲ್ಲವೆ? ಮೊದಲ ಸಲ ಸ್ಪಾರ್ಕ್ ಪ್ಲಗ್ಗುಗಳು ಬದಲಾಗುತ್ತವೆ. ಎರಡನೆಯ ಸಲ ಅವುಗಳ ಮೇಲಿನ ಕಾಯಿಲ್‌ಗಳು. ಮೂರನೆಯ ಸಲ ಟರ್ಬೊಚಾರ್ಜರೇ ಹೋಗಿದೆಯೆಂಬ ತೀರ್ಪು. ಅದರ ಬೆಲೆ ಕೇಳಿದರೆ ಹಳೆಯ ಗಾಡಿಯೊಂದನ್ನು ಕೊಳ್ಳಬಹುದೆನಿಸುತ್ತದೆ. ಅದನ್ನೂ ಬದಲಾಯಿಸಿದ ಮೇಲೆ ನಾಲ್ಕೂವರೆ ಸಾವಿರ ಸುತ್ತಿನಲ್ಲಿ ಅದೇ ಹಗ್ಗ, ಅದೇ ದೀಪ.

ಇದು ರೋಗನಿದಾನವಿಲ್ಲದೆ ನಡೆದ ಚಿಕಿತ್ಸೆ. ಟರ್ಬೊ ಎಂಜಿನ್ನುಗಳ ವಿಷಯದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಪ್ರಪಂಚದ ಎಲ್ಲ ದೇಶಗಳಲ್ಲಿಯೂ ವೇಗದ ಕಾರುಗಳ ಒಡೆಯರು ಇಬ್ಬರು ಕೂಡಿದಲ್ಲಿ ಇಂತಹ ಕಥೆಯೊಂದು ಹೊರಬಾರದೆ ಇರುವುದಿಲ್ಲ. ಪ್ರಾರಂಭದಲ್ಲಿಯೇ ಕೇಳಬೇಕಾದ ಪ್ರಶ್ನೆಯೊಂದನ್ನು ಯಾರೂ ಕೇಳದಿರುವುದೇ ಇದಕ್ಕೆ ಕಾರಣ: ಶಕ್ತಿ ಕಳೆದುಹೋಗಿದೆಯೋ, ಅಥವಾ ಎಂಜಿನ್ನು ತಾನಾಗಿಯೇ ಅದನ್ನು ತಡೆಹಿಡಿದಿದೆಯೋ?

ಊಟ ಬಡಿಸುವ ಕೆಲಸ

ದೋಷವು ಮೇಲಿನ ಸುತ್ತುಗಳಲ್ಲಿ ಮಾತ್ರ ಏಕೆ ಕಾಣಿಸಿಕೊಳ್ಳಬೇಕು? ಮನೆಯ ಬಾವಿಯಲ್ಲಿ ದಿನಕ್ಕೆ ಹತ್ತು ಕೊಡ ಸೇದುವವರೆಗೆ ಸೆಲೆ ಬತ್ತಿರುವುದು ಗೊತ್ತಾಗುವುದಿಲ್ಲ. ಮದುವೆಯ ದಿನ ಗೊತ್ತಾಗುತ್ತದೆ. ಎಂಜಿನ್ನಿನ ಮದುವೆಯ ದಿನವೆಂದರೆ ನಿಮಿಷಕ್ಕೆ ಆರು ಸಾವಿರ ಸುತ್ತು.

ಲೆಕ್ಕ ಸುಲಭವಾಗಿದೆ. ಮೂರು ಲೀಟರಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ಮೂರು ಲೀಟರು ಗಾಳಿಯನ್ನು ಒಳಗೆಳೆಯುತ್ತದೆ. ಆರು ಸಾವಿರ ಸುತ್ತಿನಲ್ಲಿ ಅದು ನಿಮಿಷಕ್ಕೆ 9000 ಲೀಟರು. ಟರ್ಬೊಚಾರ್ಜರು ಹೊರಗಿನ ಒತ್ತಡದ ಮೇಲೆ ಇನ್ನರ್ಧದಷ್ಟನ್ನು ಕೂಡಿಸಿ ತುರುಕಿದರೆ ಹೊರಗಿನ ಲೆಕ್ಕದಲ್ಲಿ ಸುಮಾರು 13,500 ಲೀಟರು. ತೂಗಿ ನೋಡಿದರೆ ಹದಿನೈದು ಹದಿನಾರು ಕಿಲೋಗ್ರಾಂ ಗಾಳಿ. ಈ ಗಾಳಿಗೆ ತಕ್ಕ ಪೆಟ್ರೋಲು ನಿಮಿಷಕ್ಕೆ ಒಂದೂವರೆ ಲೀಟರಿಗೂ ಮೇಲಾಗುತ್ತದೆ. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 50 ಬಾರಿ ಕಿಡಿ ಹಾರಬೇಕು. ಇಷ್ಟು ಹೊಗೆ ಅಷ್ಟೇ ಬೇಗ ಹೊರಬೀಳಬೇಕು. ಎರಡು ಸಾವಿರ ಸುತ್ತಿನ ಸಾಧಾರಣ ಓಟದಲ್ಲಿ ಇದರ ಹತ್ತನೆಯ ಒಂದು ಪಾಲೂ ಬೇಕಾಗದು. ಆದಕಾರಣ ಅರ್ಧ ಸತ್ತ ಪಂಪು, ಕೂದಲೆಳೆಯಷ್ಟು ಬಿರುಕು ಬಿಟ್ಟ ಕೊಳವೆ, ಸವೆದ ಪ್ಲಗ್ಗು - ಇವೆಲ್ಲವೂ ಸಾಧಾರಣ ಓಟದಲ್ಲಿ ತಮ್ಮ ದಾರಿದ್ರ್ಯವನ್ನು ಮುಚ್ಚಿಟ್ಟುಕೊಂಡು ಬಾಳಬಲ್ಲವು.

ಪ್ಲಗ್ಗಿನ ವಿಷಯದಲ್ಲಿ ಇನ್ನೂ ಒಂದು ವಿಶೇಷವುಂಟು. ಗಾಳಿಯ ಒತ್ತಡ ಹೆಚ್ಚಾದಷ್ಟೂ ಅದರ ನಡುವೆ ಕಿಡಿಯನ್ನು ಹಾರಿಸಲು ಹೆಚ್ಚು ವೋಲ್ಟು ಬೇಕಾಗುತ್ತದೆ. ಟರ್ಬೊ ತುರುಕಿದ ಗಾಳಿಯಿಂದ ಬಿಗಿದುಕೊಂಡ ಸಿಲಿಂಡರಿನಲ್ಲಿ, ತುದಿಗಳ ನಡುವಿನ ಸಂದು ಸವೆದು ಅಗಲವಾದ ಪ್ಲಗ್ಗು ಸೋತುಹೋಗುತ್ತದೆ. ಮೇಜಿನ ಮೇಲಿಟ್ಟು ಪರೀಕ್ಷಿಸಿದಾಗ ಝಗ್ಗೆಂದು ಕಿಡಿ ಕೊಟ್ಟ ಪ್ಲಗ್ಗೇ ಎಂಜಿನ್ನಿನೊಳಗೆ ಕುಳಿತು ಮುಷ್ಕರ ಹೂಡುವ ರಹಸ್ಯ ಇದು.

ಬೆಟ್ಟದ ಮೇಲಿನ ಪರೀಕ್ಷೆ

ಟರ್ಬೊಚಾರ್ಜರೆಂಬ ಯಂತ್ರದ ಕಲ್ಪನೆ ಹೊಸದೇನಲ್ಲ. ಸುಟ್ಟ ಇಂಧನದ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಹೊಗೆಯೊಡನೆ ವ್ಯರ್ಥವಾಗಿ ಹೋಗುವುದನ್ನು ಕಂಡು ಮರುಗಿದವನು ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಇಂಜಿನಿಯರು. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಊಡಬಹುದೆಂಬ ಉಪಾಯಕ್ಕೆ ಅವನು 1905ರಲ್ಲಿ ಹಕ್ಕುಪತ್ರವನ್ನು ಕೋರಿದನು. ಇಂದಿನ ಕಾರುಗಳಲ್ಲಿ ಅಂಗೈಯಗಲದ ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ತಿರುಗುತ್ತವೆ; ಹೊಗೆಯ ಕಡೆಯ ಚಕ್ರ ಕೆಂಪಗೆ ಕಾದಿರುತ್ತದೆ.

ಮೊದಮೊದಲು ಇದರ ಪ್ರಯೋಜನವನ್ನು ಕಂಡವರು ವಿಮಾನದವರು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನು ಸೊರಗುತ್ತದೆ. ಮಂಗಳೂರಿನ ಕಡಲತೀರಕ್ಕಿಂತ ಬೆಂಗಳೂರಿನಲ್ಲಿ ವಾಯುಭಾರ ಸುಮಾರು ಹತ್ತನೆಯ ಒಂದರಷ್ಟು ಕಡಿಮೆ. ಟರ್ಬೊ ಇಲ್ಲದ ಗಾಡಿ ಘಟ್ಟ ಹತ್ತಿ ಬರುವಾಗಲೇ ಅಷ್ಟು ಬಲವನ್ನು ಸದ್ದಿಲ್ಲದೆ ಕಳೆದುಕೊಂಡಿರುತ್ತದೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಇಂಜಿನಿಯರು ಲಿಬರ್ಟಿ ಎಂಬ ವಿಮಾನದ ಎಂಜಿನ್ನೊಂದನ್ನು ಕೊಲರಾಡೊ ಪ್ರಾಂತದ 14,000 ಅಡಿಗಿಂತ ಎತ್ತರದ ಪೈಕ್ಸ್ ಪೀಕ್ ಪರ್ವತದ ತುದಿಗೆ ಹೊರಿಸಿ ಒಯ್ದನು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಆ ತೆಳುಗಾಳಿಯಲ್ಲಿ 230ಕ್ಕೆ ಇಳಿದಿತ್ತು. ಟರ್ಬೊಚಾರ್ಜರನ್ನು ಜೋಡಿಸಿ ನಡೆಸಿದಾಗ 356ನ್ನು ಮುಟ್ಟಿತು. ಅಳತೆಯೇ ಪ್ರಮಾಣವೆಂದು ಆ ಕೊರೆಯುವ ಚಳಿಯಲ್ಲಿ ಯಂತ್ರವನ್ನು ಬೆಟ್ಟಕ್ಕೆ ಹತ್ತಿಸಿದ ಆ ಮನುಷ್ಯನ ಹಟ, ಅಂಗಳದಲ್ಲಿ ಒಂದು ಸುತ್ತು ಹೊಡೆದು ತೀರ್ಪು ಕೊಡುವ ಗರಾಜುಗಳಿಗೆ ಸ್ವಲ್ಪವಾದರೂ ಬರಬಾರದೆ!

ನೀರಡಿಸಿದ ರಾಕೆಟ್ಟು

ಜನಸಾಮಾನ್ಯರು ಕೊಳ್ಳಬಹುದಾದ ಕಾರಿಗೆ ಟರ್ಬೊಚಾರ್ಜರು ಬಂದದ್ದು 1962ರಲ್ಲಿ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಎರಡು ಶಾಖೆಗಳು ಹೆಚ್ಚುಕಡಿಮೆ ಏಕಕಾಲಕ್ಕೆ ಈ ಸಾಹಸವನ್ನು ಮಾಡಿದವು. ಅವುಗಳಲ್ಲಿ ಓಲ್ಡ್ಸ್‌ಮೊಬೀಲ್ ಶಾಖೆಯ 'ಜೆಟ್‌ಫೈರ್' ಕಾರಿನ ಕಥೆ ಇಲ್ಲಿ ಹೇಳತಕ್ಕದ್ದು.

ಅದರ ಎಂಜಿನ್ನು ಎಂಟು ಸಿಲಿಂಡರುಗಳ, ಅಲ್ಯೂಮಿನಿಯಮ್ಮಿನ, ಮೂರೂವರೆ ಲೀಟರಿನದು. ಶಕ್ತಿ 215 ಅಶ್ವಶಕ್ತಿ. ನಿರ್ಮಾಪಕರಿಗೆ ಕಾಡಿದ್ದು ಒಂದೇ ಶತ್ರು: ನಾಕಿಂಗ್. ಒತ್ತಿ ಬಿಗಿದ ಗಾಳಿ ಬಿಸಿಯಾಗುತ್ತದೆ. ಕಿಡಿಯಿಂದ ಹೊತ್ತಿದ ಜ್ವಾಲೆ ಸಿಲಿಂಡರಿನ ಮೂಲೆಗೆ ತಲುಪುವ ಮೊದಲೇ ಅಲ್ಲಿಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಸುತ್ತಿಗೆಯಲ್ಲಿ ಬಡಿದಂತಹ ಆ ಸದ್ದು ಕೆಲವು ಕಾಲ ನಡೆದರೆ ಪಿಸ್ಟನ್ನಿನ ತಲೆ ತೂತಾಗುತ್ತದೆ. ಇದಕ್ಕೆ ಅವರು ಕಂಡುಕೊಂಡ ಪರಿಹಾರ ವಿಚಿತ್ರವಾದುದು. ಭಟ್ಟಿಯಿಳಿಸಿದ ನೀರು ಮತ್ತು ಮೆಥನಾಲ್ ಎಂಬ ಮದ್ಯಸಾರವನ್ನು ಸಮಸಮವಾಗಿ ಬೆರೆಸಿ, ತುಕ್ಕು ಹಿಡಿಯದಿರಲು ಇನ್ನೊಂದಿಷ್ಟು ಔಷಧಿ ಸೇರಿಸಿ, ಆ ದ್ರವಕ್ಕೆ 'ಟರ್ಬೊ ರಾಕೆಟ್ ಫ್ಲೂಯಿಡ್' ಎಂಬ ಆಡಂಬರದ ಹೆಸರನ್ನಿಟ್ಟರು. ಟರ್ಬೊ ಕೆಲಸ ಮಾಡುವಾಗ ಈ ದ್ರವ ಗಾಳಿಯೊಳಗೆ ಸಿಂಪಡಿಸಲ್ಪಟ್ಟು ಅದನ್ನು ತಂಪುಗೊಳಿಸುತ್ತಿತ್ತು.

ದ್ರವ ಮುಗಿದುಹೋದರೆ? ನಿರ್ಮಾಪಕರು ಅದನ್ನೂ ಯೋಚಿಸಿದ್ದರು. ತೊಟ್ಟಿ ಬರಿದಾದೊಡನೆಯೇ ತೇಲುಗುಂಡೊಂದು ಇಳಿದು, ಗಾಳಿಯ ದಾರಿಯಲ್ಲಿದ್ದ ಎರಡನೆಯ ಬಾಗಿಲನ್ನು ಮುಚ್ಚುವಂತೆ ಮಾಡುತ್ತಿತ್ತು. ಟರ್ಬೊವಿನ ಒತ್ತಡ ಏರುವಂತಿರಲಿಲ್ಲ. ಗಾಡಿ ಓಡುತ್ತಿತ್ತು, ಓಡಬೇಕಾದಂತೆ ಓಡುತ್ತಿರಲಿಲ್ಲ.

ಅಮೆರಿಕದ ಗೃಹಸ್ಥನಿಗೆ ಪೆಟ್ರೋಲು ಹಾಕಿಸುವುದು ಗೊತ್ತು, ಎಣ್ಣೆ ಬದಲಾಯಿಸುವುದು ಗೊತ್ತು. ರಾಕೆಟ್ಟಿಗೆ ಮದ್ಯ ಕುಡಿಸಬೇಕೆಂಬುದನ್ನು ಅವನು ಮರೆತನು. ತೊಟ್ಟಿ ಬರಿದಾಯಿತು, ಬಾಗಿಲು ಮುಚ್ಚಿತು, 'ಹೊಸ ಕಾರು ಎಳೆಯುವುದಿಲ್ಲ' ಎಂಬ ದೂರು ಮಾರಾಟಗಾರನ ಬಾಗಿಲಿಗೆ ಬಂದಿತು. ಯಂತ್ರ ಕೆಟ್ಟಿರಲಿಲ್ಲ, ಕೆಡದಂತೆ ತನ್ನನ್ನು ಕಾಪಾಡಿಕೊಂಡಿತ್ತು. ಆದರೆ ಇದನ್ನು ಒಡೆಯನಿಗೂ ಅನೇಕ ಮೆಕ್ಯಾನಿಕ್ಕರಿಗೂ ತಿಳಿಸಿ ಹೇಳುವುದು ಯಾರಿಂದ ಸಾಧ್ಯ? ಎರಡು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಕಾರುಗಳನ್ನು ಮಾರಿ ಸಂಸ್ಥೆ ಆ ಮಾದರಿಯನ್ನು ನಿಲ್ಲಿಸಿತು. 1965ರಲ್ಲಿ, ಬೇಕೆಂದವರಿಗೆ ಟರ್ಬೊಚಾರ್ಜರನ್ನೇ ಕಿತ್ತು ಸಾಮಾನ್ಯ ಕಾರ್ಬ್ಯುರೇಟರನ್ನು ಜೋಡಿಸಿಕೊಡುವ ಏರ್ಪಾಡನ್ನೂ ಮಾಡಿತು. ಹಲವರು ಕೀಳಿಸಿಕೊಂಡರು. ಕಿತ್ತೆಸೆದ ಆ ಬಿಡಿಭಾಗಗಳಿಗಾಗಿ ಹಳೆಯ ಕಾರುಗಳ ಸಂಗ್ರಾಹಕರು ಈಗ ಹುಡುಕಾಡುವುದು ಬೇರೆಯ ಮಾತು.

ಜೆಟ್‌ಫೈರಿನ ತೇಲುಗುಂಡು ಮಾಡುತ್ತಿದ್ದ ಕೆಲಸವನ್ನೇ ಇಂದಿನ ಕಾರುಗಳಲ್ಲಿ ಕಂಪ್ಯೂಟರು ಮಾಡುತ್ತದೆ. ತೇಲುಗುಂಡಿಗೆ ತಿಳಿದದ್ದು ಒಂದೇ ಸಂಗತಿ, ಕಂಪ್ಯೂಟರಿಗೆ ಹತ್ತಾರು. ಗಾಳಿಯ ಒತ್ತಡ, ಗಾಳಿಯ ಶಾಖ, ಪೆಟ್ರೋಲಿನ ಒತ್ತಡ, ಎಣ್ಣೆಯ ಶಾಖ, ಸಿಲಿಂಡರಿನ ಬಡಿತ, ಹೊಗೆಯಲ್ಲಿ ಉಳಿದ ಆಮ್ಲಜನಕ - ಇವುಗಳಲ್ಲಿ ಯಾವುದೊಂದು ಹದ ತಪ್ಪಿದರೂ ಅದು ಗಾಳಿಯ ಬಾಗಿಲನ್ನು ಅರ್ಧ ಮುಚ್ಚುತ್ತದೆ, ಕಿಡಿಯನ್ನು ತಡವಾಗಿಸುತ್ತದೆ, ಟರ್ಬೊವಿಗೆ ಹೋಗುವ ಹೊಗೆಯನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಚಾಲಕನ ಕಾಲು ಕೇಳಿದ್ದನ್ನು ಕೊಡಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. ಕಾಲಿಗೂ ಗಾಳಿಯ ಬಾಗಿಲಿಗೂ ನಡುವೆ ಈಗ ತಂತಿಯಲ್ಲ, ಕಂಪ್ಯೂಟರೇ ಕುಳಿತಿದೆ. ಹೆದ್ದಾರಿಯ ಮೇಲೆ ಆ ಗೃಹಸ್ಥನನ್ನು ಹಿಡಿದೆಳೆದ ಹಗ್ಗ ಅನೇಕ ವೇಳೆ ಇದೇ.

ಬಹುಮಾನ ಗಳಿಸಿದ ಎಂಜಿನ್ನು

ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 2006ರಲ್ಲಿ ಎನ್ 54 ಎಂಬ ಎಂಜಿನ್ನನ್ನು ಹೊರತಂದಿತು. ಮೂರು ಲೀಟರು, ಸಾಲಾಗಿ ಆರು ಸಿಲಿಂಡರುಗಳು, ಎರಡು ಚಿಕ್ಕ ಟರ್ಬೊಚಾರ್ಜರುಗಳು, 306 ಅಶ್ವಶಕ್ತಿ. ಪೆಟ್ರೋಲನ್ನು ಗಾಳಿಯ ಕೊಳವೆಯಲ್ಲಿ ಬೆರೆಸದೆ ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ವ್ಯವಸ್ಥೆ. 2007 ಮತ್ತು 2008, ಎರಡು ವರ್ಷಗಳೂ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಇದರ ಪಾಲಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಇದನ್ನು ಕೊಂಡವರಿಂದ ದೂರುಗಳು ಬರತೊಡಗಿದ್ದವು. ಬೆಳಗ್ಗೆ ಎಂಜಿನ್ನು ಬೇಗ ಹೊತ್ತಿಕೊಳ್ಳದು. ಹೆದ್ದಾರಿಯಲ್ಲಿ ಪೂರ್ತಿ ಒತ್ತಿದೊಡನೆ ದೀಪ ಹೊತ್ತಿ ಶಕ್ತಿ ಅಡಗುತ್ತದೆ.

ಕಾರಣವು ಒಂದು ಪಂಪಿನಲ್ಲಿತ್ತು. ತೊಟ್ಟಿಯಲ್ಲಿ ಕುಳಿತ ಮೊದಲ ಪಂಪು ಪೆಟ್ರೋಲನ್ನು ಸುಮಾರು ಐದು ವಾಯುಭಾರದ ಒತ್ತಡದಲ್ಲಿ ಮುಂದಕ್ಕೆ ಕಳುಹಿಸುತ್ತದೆ. ಎಂಜಿನ್ನಿನ ಮೇಲೆ ಕುಳಿತ ಎರಡನೆಯ ಪಂಪು ಅದನ್ನು 200 ವಾಯುಭಾರದವರೆಗೆ ಏರಿಸಬೇಕು. ಸಿಲಿಂಡರಿನೊಳಗೆ ಕೆಲವು ಸಾವಿರಾಂಶ ಸೆಕೆಂಡುಗಳಲ್ಲಿ ಪೆಟ್ರೋಲು ಮಂಜಿನಂತೆ ಹರಡಬೇಕಾದರೆ ಇಷ್ಟು ಒತ್ತಡ ಬೇಕೇ ಬೇಕು. ಸೋತ ಪಂಪು ನಿಧಾನದ ಓಟಕ್ಕೆ ಸಾಕಾಗುವಷ್ಟನ್ನು ಒದಗಿಸುತ್ತಿತ್ತು; ಮೇಲಿನ ಸುತ್ತುಗಳಲ್ಲಿ ಕೈಚೆಲ್ಲುತ್ತಿತ್ತು. ಗಾಳಿ ಇದ್ದು ಪೆಟ್ರೋಲು ಕಡಿಮೆಯಾದರೆ ಸಿಲಿಂಡರಿನ ಶಾಖ ಮಿತಿಮೀರಿ ಪಿಸ್ಟನ್ನು ಕರಗಬಹುದಾದುದರಿಂದ ಕಂಪ್ಯೂಟರು ಕೂಡಲೇ ಗಾಳಿಯ ಬಾಗಿಲನ್ನು ಮುಚ್ಚುತ್ತಿತ್ತು. ಪಂಪನ್ನು ಬದಲಾಯಿಸಿಕೊಂಡ ಮೇಲೂ ಮತ್ತೆ ಅದೇ ಪಾಡನ್ನು ಅನುಭವಿಸಿದವರುಂಟು. ಕೊನೆಗೆ 2010ರ ಅಕ್ಟೋಬರಿನಲ್ಲಿ ಸಂಸ್ಥೆ ಅಮೆರಿಕದಲ್ಲಿ ಈ ದೋಷಕ್ಕಾಗಿ ಸುಮಾರು 1,30,000 ಕಾರುಗಳನ್ನು ಹಿಂದಕ್ಕೆ ಕರೆಯಿತು. ಪಂಪಿನ ಖಾತರಿಯನ್ನು ಹತ್ತು ವರ್ಷಗಳಿಗೆ ಏರಿಸಿತು. ಎಡಸಾಲಿನಲ್ಲಿ ಶಕ್ತಿ ಉಡುಗಿದ ಗಾಡಿಯಲ್ಲಿ ಕುಳಿತಿದ್ದವರಿಗೆ ಇದು ಸ್ವಲ್ಪ ತಡವಾಗಿಯೇ ಬಂದ ನ್ಯಾಯ.

ಇದಿಷ್ಟನ್ನು ಕೇಳಿ, 'ಹಾಗಾದರೆ ಆ ಕಾರುಗಳ ರೋಗವೆಲ್ಲ ಪಂಪಿನದೇ' ಎಂದುಕೊಂಡರೆ ಮತ್ತೆ ಹಳ್ಳಕ್ಕೆ ಬಿದ್ದಂತೆ. ಅದೇ ಎಂಜಿನ್ನಿನಲ್ಲಿ ಅದೇ ಲಕ್ಷಣವನ್ನು ತೋರಿಸುವ ಬೇರೆ ಬೇರೆ ದೋಷಗಳಿದ್ದವು. ಕಂಪ್ಯೂಟರಿನಲ್ಲಿ '30 ಎಫ್‌ಎಫ್' ಎಂಬ ಗುರುತು ಮೂಡಿದರೆ ಟರ್ಬೊವಿನ ಒತ್ತಡ ಸಾಲದೆಂದು ಅರ್ಥ. ಅದನ್ನು ಕಂಡ ಕೂಡಲೇ 'ಟರ್ಬೊ ಹೋಗಿದೆ' ಎಂದು ಬಗೆಯುವುದು ಬಹು ಸಹಜ, ಬಹು ದುಬಾರಿ. ಗುರುತು ಹೇಳುವುದು ಜ್ವರ ಬಂದಿದೆಯೆಂದು ಮಾತ್ರ, ಏಕೆ ಬಂದಿದೆಯೆಂದಲ್ಲ. ಈ ಎಂಜಿನ್ನಿನಲ್ಲಿ ಹೊಗೆಯನ್ನು ಟರ್ಬೊವಿನ ಬಳಸುದಾರಿಗೆ ಬಿಡುವ ವೇಸ್ಟ್‌ಗೇಟ್ ಎಂಬ ತೂಬಿನ ಬಾಗಿಲುಗಳಿವೆ. ಅವು ಮುಚ್ಚಿಕೊಂಡಿರಲು ಸಣ್ಣ ರಬ್ಬರು ಕೊಳವೆಗಳ ಮೂಲಕ ನಿರ್ವಾತದ ಸೆಳೆತ ಬರುತ್ತಿರಬೇಕು. ಎಂಜಿನ್ನಿನ ಬಿಸಿಗೆ ಒಣಗಿ ಸೀಳಿದ ಕಿರುಬೆರಳಿನಷ್ಟು ದಪ್ಪವೂ ಇಲ್ಲದ ಕೊಳವೆಯೊಂದು ಸಾಕು, ತೂಬು ತೆರೆದುಕೊಂಡು ಹೊಗೆಯೆಲ್ಲ ಟರ್ಬೊವಿಗೆ ದಕ್ಕದೆ ಹರಿದುಹೋಗಲು. ಸಾವಿರಾರು ಡಾಲರಿನ ಟರ್ಬೊಗಳನ್ನು ಬದಲಾಯಿಸಿ, ಹರಿದ ಕೊಳವೆಯನ್ನು ಹಾಗೆಯೇ ಉಳಿಸಿದರೆ ಆಗುವುದೇನೆಂದು ಬೇರೆ ಹೇಳಬೇಕಾಗಿಲ್ಲ.

ನಾಡಿಯ ಎರಡು ಗೆರೆಗಳು

ಬಲ್ಲ ಮೆಕ್ಯಾನಿಕ್ಕು ಸ್ಪಾನರನ್ನು ಕೈಗೆತ್ತಿಕೊಳ್ಳುವುದು ಕೊನೆಗೆ. ಮೊದಲು ಅವನು ಒಡೆಯನನ್ನು ಕೇಳುತ್ತಾನೆ: ಯಾವ ಗೇರಿನಲ್ಲಿ? ಎಷ್ಟು ಸುತ್ತಿನಲ್ಲಿ? ಗಾಡಿ ಎಡವಿತೋ, ಮೆಲ್ಲಗೆ ಸೋತಿತೋ? ಬಿಸಿಲಿನಲ್ಲಿ ಹೆಚ್ಚೋ? ಇತ್ತೀಚೆಗೆ ಯಾರಾದರೂ ಕಂಪ್ಯೂಟರನ್ನು ತಿದ್ದಿ ಟರ್ಬೊವಿನ ಒತ್ತಡವನ್ನು ಹೆಚ್ಚಿಸಿದ್ದಾರೆಯೋ? ಈ ಕೊನೆಯ ಪ್ರಶ್ನೆಗೆ ಒಡೆಯರು ಸತ್ಯ ಹೇಳುವುದು ವೈದ್ಯನೊಡನೆ ಕುಡುಕನು ಸತ್ಯ ಹೇಳುವಷ್ಟೇ ವಿರಳ.

ಆಮೇಲೆ ಕಂಪ್ಯೂಟರಿನ ಓದುಯಂತ್ರವನ್ನು ಜೋಡಿಸಿ, ಡೈನಮೊಮೀಟರಿನ ಉರುಳೆಗಳ ಮೇಲೆ ಗಾಡಿಯನ್ನು ನಿಲ್ಲಿಸಿ, ಒಂದೇ ಗೇರಿನಲ್ಲಿ ಎರಡು ಸಾವಿರ ಸುತ್ತಿನಿಂದ ಕೊನೆಯವರೆಗೆ ಪೂರ್ತಿಯಾಗಿ ಒತ್ತಿ ಓಡಿಸುತ್ತಾನೆ. ದೋಷ ಕಾಣಿಸುವ ಜಾಗದಲ್ಲಿಯೇ ಅದನ್ನು ಹಿಡಿಯಬೇಕು. ನಿಂತ ಗಾಡಿಯ ಮುಂದೆ ಕಿವಿಗೊಟ್ಟರೆ ಪ್ರಯೋಜನವಿಲ್ಲ. ಈ ಓಟದಲ್ಲಿ ಬರೆದುಕೊಂಡ ಅಂಕಿಗಳಿಂದ ಎರಡು ಗೆರೆಗಳನ್ನು ಎಳೆಯಬಹುದು. ಒಂದು, ಕಂಪ್ಯೂಟರು ಬೇಕೆಂದು ಕೇಳಿದ ಗಾಳಿಯ ಒತ್ತಡ. ಇನ್ನೊಂದು, ನಿಜವಾಗಿ ದೊರೆತ ಒತ್ತಡ.

ಕೇಳಿದ ಗೆರೆ ಮೇಲಿದ್ದು ದೊರೆತದ್ದು ಕೆಳಕ್ಕೆ ಜಾರಿದ್ದರೆ ಶಕ್ತಿ ನಿಜವಾಗಿಯೂ ಕಳೆದುಹೋಗುತ್ತಿದೆ. ಆಗ ಗಾಳಿ ಸೋರುವ ಬಿರುಕನ್ನು ಹುಡುಕಬೇಕು. ಇದಕ್ಕೆ ಕೊಳವೆಯ ಬಾಯಿಗೆ ಹೊಗೆಯನ್ನು ಒತ್ತಡದಿಂದ ಊದಿ ಎಲ್ಲಿ ಹೊರಬರುತ್ತದೆಂದು ನೋಡುವ ಸರಳ ವಿಧಾನವುಂಟು. ಎನ್ 54ರ ಪ್ಲಾಸ್ಟಿಕ್ಕಿನ ಗಾಳಿಕೊಳವೆ, ಒತ್ತಡವನ್ನು ಏರಿಸಿಕೊಂಡ ಗಾಡಿಗಳಲ್ಲಿ, ಒಡೆದುಹೋಗುವುದಕ್ಕೆ ಹೆಸರಾಗಿದೆ. ಅಲ್ಲಿ ಇಲ್ಲದಿದ್ದರೆ ವೇಸ್ಟ್‌ಗೇಟು, ಅದರ ಕೊಳವೆಗಳು, ಧೂಳು ಕಟ್ಟಿದ ಗಾಳಿಯ ಸೋಸುಕ, ಕಟ್ಟಕಡೆಗೆ ಟರ್ಬೊಚಾರ್ಜರು.

ಎರಡು ಗೆರೆಗಳೂ ಜೊತೆಜೊತೆಯಾಗಿಯೇ ಕೆಳಗಿಳಿದಿದ್ದರೆ ಸಂಗತಿ ಬೇರೆ. ಕಂಪ್ಯೂಟರೇ ಕಡಿಮೆ ಕೇಳಿದೆ. ತೇಲುಗುಂಡು ಇಳಿದಿದೆ! ಇಲ್ಲಿ ಟರ್ಬೊವನ್ನು ಮುಟ್ಟುವುದು ವ್ಯರ್ಥ. ಅದು ಯಾವುದಕ್ಕೆ ಹೆದರಿತೆಂದು ನೋಡಬೇಕು. ಪೆಟ್ರೋಲಿನ ಒತ್ತಡದ ಗೆರೆ ಅದೇ ಹೊತ್ತಿಗೆ ಕುಸಿದಿದ್ದರೆ ಪಂಪಿನ ಕಡೆಗೆ ಬೆರಳು ಮಾಡಬಹುದು; ಆಗಲೂ ಆತುರ ಕೂಡದು. ತೊಟ್ಟಿಯ ಕಡೆಯ ಐದು ವಾಯುಭಾರ ಸ್ಥಿರವಾಗಿ ನಿಂತಿದ್ದರೆ ಮೇಲಿನ ಪಂಪು ತಪ್ಪಿತಸ್ಥ. ಅದೂ ಬಿದ್ದಿದ್ದರೆ ಪಾಪ, ಮೇಲಿನ ಪಂಪಿಗೆ ಬಂದದ್ದೇ ಇಲ್ಲ, ಕೊಡುವುದೆಲ್ಲಿಂದ? ಪೆಟ್ರೋಲು ಸರಿಯಿದ್ದು, ಕಿಡಿಯ ಕಾಲವನ್ನು ಕಂಪ್ಯೂಟರು ಹಿಂದಕ್ಕೆ ತಳ್ಳುತ್ತಿದ್ದರೆ ನಾಕಿಂಗಿನ ಸದ್ದು ಅದಕ್ಕೆ ಕೇಳಿಸಿದೆ. ಕಡಿಮೆ ಆಕ್ಟೇನಿನ ಪೆಟ್ರೋಲು, ಅಥವಾ ಬಿಸಿಗಾಳಿ. 30 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ ಅದು 80 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರಿನ ರೆಕ್ಕೆಗಳಲ್ಲಿ ಮಣ್ಣು, ಹುಳುಹುಪ್ಪಟೆ ತುಂಬಿದ್ದರೆ ಬಿಸಿಲಿನ ದಿನ ಎರಡನೆಯ ಓಟದಲ್ಲಿಯೇ ಶಕ್ತಿ ಇಳಿಯುತ್ತದೆ.

ಗಾಡಿ ಮೆಲ್ಲಗೆ ಸೋಲದೆ ಮುಗ್ಗರಿಸುತ್ತಿದ್ದರೆ ಕಿಡಿಯನ್ನು ಅನುಮಾನಿಸಬೇಕು. ಅದಕ್ಕೆ ಕಾಸು ಖರ್ಚಿಲ್ಲದ ಒಂದು ಹಳೆಯ ಉಪಾಯವಿದೆ. ಮೂರನೆಯ ಸಿಲಿಂಡರು ತಪ್ಪುತ್ತಿದೆಯೆಂದು ಕಂಪ್ಯೂಟರು ಹೇಳಿದರೆ ಅದರ ಕಾಯಿಲನ್ನು ಐದನೆಯದಕ್ಕೂ ಐದನೆಯದರದನ್ನು ಮೂರನೆಯದಕ್ಕೂ ಹಾಕಿ ಓಡಿಸುವುದು. ದೂರು ಐದಕ್ಕೆ ಹೋದರೆ ಕಾಯಿಲು ಕೆಟ್ಟಿದೆ. ಮೂರರಲ್ಲಿಯೇ ಉಳಿದರೆ ಕಾಯಿಲು ನಿರಪರಾಧಿ.

ಗೆರೆಗಳೆಲ್ಲ ಸರಿಯಾಗಿದ್ದು ಗಾಡಿ ಮಾತ್ರ ಎಳೆಯದಿದ್ದರೆ? ಇದು ಅಪರೂಪ, ಆದರೆ ಉಂಟು. ಹೊಗೆ ಹೊರಹೋಗುವ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿನ ಜೇನುಹುಟ್ಟಿನಂತಹ ಕಣ್ಣುಗಳು ಕರಗಿ ಮುಚ್ಚಿಕೊಂಡಿರಬಹುದು. ಆಮ್ಲಜನಕವನ್ನು ಅಳೆಯುವ ಸಾಧನದ ತೂತಿಗೆ ಒತ್ತಡದ ಗಡಿಯಾರವನ್ನು ಕೂರಿಸಿ ನೋಡಿದರೆ ಹೊರಬೀಳುತ್ತದೆ. ನೇರವಾಗಿ ಸಿಲಿಂಡರಿನೊಳಕ್ಕೆ ಪೆಟ್ರೋಲು ಚಿಮ್ಮಿಸುವ ಎಂಜಿನ್ನುಗಳಲ್ಲಿ ಒಳಗವಾಟಗಳ ಬೆನ್ನಿಗೆ ಪೆಟ್ರೋಲಿನ ಅಭ್ಯಂಗನ ದೊರೆಯುವುದಿಲ್ಲವಾದ್ದರಿಂದ ಎಣ್ಣೆಯ ಆವಿ ಕರಿಗಟ್ಟಿ ಗಾಳಿಯ ದಾರಿಯನ್ನು ಕಿರಿದಾಗಿಸುತ್ತದೆ. ಇದನ್ನು ತೆಗೆಯಲು ಗರಾಜಿನವರು ಅಕ್ರೋಟಿನ ಚಿಪ್ಪನ್ನು ಪುಡಿಮಾಡಿ ಗಾಳಿಯ ರಭಸದಿಂದ ಕವಾಟಗಳಿಗೆ ಎರಚುತ್ತಾರೆ. ಕರಿಯನ್ನು ಕೆರೆಯುವಷ್ಟು ಗಟ್ಟಿ, ಲೋಹವನ್ನು ಗೀರದಷ್ಟು ಮೆದು! ಇಷ್ಟೆಲ್ಲ ಕಂಪ್ಯೂಟರುಗಳ ನಡುವೆ ಹಣ್ಣಿನ ಅಂಗಡಿಯ ಸಾಮಾನೊಂದು ಹೀಗೆ ಕೆಲಸಕ್ಕೆ ಬರುವುದನ್ನು ಕಂಡರೆ ಯಾರಿಗೂ ಸಂತೋಷವಾಗದಿರದು.

ನಿದಾನವಾದ ಮೇಲಿನ ದುರಸ್ತಿ ಅನೇಕ ಸಲ ಅರ್ಧ ದಿನದ ಕೆಲಸ. ಒಡೆಯನಿಗೆ ಬಿಲ್ಲಿನಲ್ಲಿ ಅಸಮಾಧಾನವಾಗುವುದು ಇಲ್ಲಿಯೇ. ಎರಡು ದಿನ ಗಾಡಿಯನ್ನು ಇಟ್ಟುಕೊಂಡು, ಅಂಗುಲದುದ್ದದ ರಬ್ಬರು ಕೊಳವೆಯನ್ನು ಬದಲಾಯಿಸಿ, ಪರೀಕ್ಷೆಯ ಕೂಲಿಯೆಂದು ಹಣ ಕೇಳಿದರೆ ಅವನಿಗೆ ಮೋಸಹೋದಂತೆನಿಸುತ್ತದೆ. ಅದೇ ಹಣಕ್ಕೆ ಹೊಳೆಯುವ ಹೊಸ ಬಿಡಿಭಾಗವೊಂದನ್ನು ಪೆಟ್ಟಿಗೆಯ ಸಮೇತ ತೋರಿಸಿದ್ದರೆ ಸಂತೋಷದಿಂದ ಕೊಡುತ್ತಿದ್ದ.

ಕೆಲಸ ಮುಗಿಯುವುದು ಬಾನೆಟ್ಟು ಮುಚ್ಚಿದಾಗಲ್ಲ. ಗಾಡಿಯನ್ನು ಮತ್ತೆ ಉರುಳೆಗಳ ಮೇಲೆ ನಿಲ್ಲಿಸಿ, ಅದೇ ಗೇರಿನಲ್ಲಿ, ಅದೇ ಎರಡು ಸಾವಿರ ಸುತ್ತಿನಿಂದ, ಅಷ್ಟೇ ಬಿಸಿಯೇರಿದ ಎಂಜಿನ್ನಿನಿಂದ, ಪೆಡಲನ್ನು ತಳಕ್ಕೆ ಒತ್ತಿ ಓಡಿಸಬೇಕು. ಮುಳ್ಳು ನಾಲ್ಕೂವರೆ ಸಾವಿರವನ್ನು ದಾಟಿ ಆರು ಸಾವಿರವನ್ನು ಮುಟ್ಟುವವರೆಗೆ ಕೇಳಿದ ಗೆರೆಯೂ ದೊರೆತ ಗೆರೆಯೂ ಒಂದರ ಮೇಲೊಂದು ಕುಳಿತಿದ್ದರೆ, ಕೈ ಒರೆಸಿಕೊಂಡು ಒಡೆಯನಿಗೆ ಬೀಗದ ಕೈಯನ್ನು ಒಪ್ಪಿಸಬಹುದು.